ಹಿಂದಿನ ಸೀಟಿನ ಹಗ್ಗ

ನಮ್ಮ ಕಡೆ ಗಾಡಿ ಕೊಳ್ಳುವವರನ್ನು ಜನ ಮೊದಲು ಕೇಳುವ ಪ್ರಶ್ನೆ ಒಂದೇ: "ಎಷ್ಟ ಮಂದಿ ಹಿಡಿತಾರ್ರಿ?" ಎಣ್ಣೆ ಎಷ್ಟು ಕುಡಿಯುತ್ತದೆ, ಬ್ರೇಕು ಹೇಗಿದೆ, ಇದೆಲ್ಲ ಆಮೇಲೆ. ನಾನು ಮಾತ್ರ ಆ ಬೇಸಿಗೆಯಿಡೀ ಗೋಕಾಕ, ಮೂಡಲಗಿ, ಹುಕ್ಕೇರಿ ಎಂದು ಸುತ್ತುತ್ತ, ಹಿಂದಿನ ಸೀಟಿನಲ್ಲಿ ಎರಡೇ ಮಂದಿಯನ್ನು ಗಟ್ಟಿಯಾಗಿ ಹಿಡಿಯುವ ಕಾರು ಹುಡುಕಿದೆ. ಆ ಇಬ್ಬರಿಗೂ ಆಗ ಮೂರು ವರ್ಷ ತುಂಬಿರಲಿಲ್ಲ.

ನನ್ನ ಅವಳಿ ಹೆಣ್ಣುಮಕ್ಕಳು ಅವರು. ಹತ್ತು ನಿಮಿಷ ಮೊದಲು ಹುಟ್ಟಿದವಳು ದೊಡ್ಡಾಕಿ, ಆಮೇಲಿನವಳು ಸಣ್ಣಾಕಿ. ದೊಡ್ಡಾಕಿಯ ಬಾಯಿ ನಿಲ್ಲುತ್ತಿರಲಿಲ್ಲ, ಸಣ್ಣಾಕಿಯ ಕಾಲು ನಿಲ್ಲುತ್ತಿರಲಿಲ್ಲ. ಕೊಣ್ಣೂರಿನ ನಮ್ಮ ಮನೆಯಲ್ಲಿ ಇವರಿಬ್ಬರನ್ನು ಬಿಟ್ಟರೆ ನಾನು, ನನ್ನ ಗಂಡ, ಎಪ್ಪತ್ತು ದಾಟಿದ ಮಾವ. ಅತ್ತೆ ನಾನು ಸೊಸೆಯಾಗಿ ಬರುವ ಮೊದಲೇ ತೀರಿಕೊಂಡಿದ್ದರು. ಗಂಡ ಬೆಳಗಾದರೆ ಕಬ್ಬಿನ ಹೊಲಕ್ಕೆ ಹೋಗಿಬಿಡುತ್ತಿದ್ದರು. ನಾನು ಊರಿನ ಹೈಸ್ಕೂಲಿನಲ್ಲಿ ಕನ್ನಡ ಕಲಿಸುತ್ತಿದ್ದೆ. ಶಾಲೆ ಮನೆಯಿಂದ ಕೂಗಳತೆಯಲ್ಲಿದ್ದುದರಿಂದ ನಡುವೆ ಎರಡು ಸಲ ಓಡಿಬಂದು ಮಕ್ಕಳನ್ನು ನೋಡಿ, ಅವರ ಹಿಂದೆ ಓಡಿ ಸುಸ್ತಾದ ಮಾವನನ್ನೂ ನೋಡಿ, ಮತ್ತೆ ಪಾಠಕ್ಕೆ ಓಡುತ್ತಿದ್ದೆ.

ಎರಡು ಸಾವಿರದ ಇಸವಿ ದಾಟಿ ಮೂರ್ನಾಲ್ಕು ವರ್ಷವಾಗಿತ್ತು. ಬೇಸಿಗೆಗೆ ಸ್ವಲ್ಪ ಮೊದಲು ನನಗೆ ಹುಕ್ಕೇರಿಗೆ ವರ್ಗವಾಯಿತು. ಹುಕ್ಕೇರಿ ನನ್ನ ತವರು. "ಮಕ್ಕಳನ್ನ ಮುಂಜಾನೆ ನನ್ನ ಹತ್ರ ಬಿಡು, ಸಂಜಿಕ ಕರಕೊಂಡು ಹೋಗು," ಎಂದು ಅವ್ವ ಸಂತೋಷದಿಂದಲೇ ಹೇಳಿದಳು. ಸರಿ ಎಂದು ಎರಡು ಕೂಸುಗಳನ್ನು ಕಟ್ಟಿಕೊಂಡು ಎಂಟು ದಿನ ಬಸ್ಸಿನಲ್ಲಿ ಹೋದೆ. ಎಂಟನೆಯ ದಿನ ಘಟಪ್ರಭಾದಲ್ಲಿ ಬಸ್ಸು ಬದಲಿಸುವ ಗದ್ದಲದಲ್ಲಿ ಸಣ್ಣಾಕಿಯ ಕೈ ನನ್ನ ಕೈಯಿಂದ ಜಾರಿತು. ಹುಚ್ಚಿಯ ಹಾಗೆ ಕೂಗುತ್ತ ಬಸ್‌ಸ್ಟ್ಯಾಂಡು ಪೂರ್ತಿ ಸುತ್ತಿದೆ. ಕೊನೆಗೆ ನೋಡಿದರೆ, ಒಬ್ಬ ಹೆಂಗಸಿನ ಬುಟ್ಟಿಯ ಪಕ್ಕದಲ್ಲಿ ನಿಂತು ಮಹಾರಾಣಿ ಸೌತೆಕಾಯಿ ಕಡಿಯುತ್ತಿದ್ದಳು! ಅವಳಿಗೇನೂ ಆಗಿರಲಿಲ್ಲ. ನನ್ನ ಜೀವ ಮಾತ್ರ ಬಾಯಿಗೆ ಬಂದಿತ್ತು.

ಮರುದಿನ ನಾನು ರಾಜೀನಾಮೆ ಪತ್ರ ಬರೆದೆ. ಬರೆದು ಟ್ರಂಕಿನಲ್ಲಿ ರೇಷ್ಮೆ ಸೀರೆಯ ಕೆಳಗೆ ಇಟ್ಟೆ, ಕೊಡಲಿಲ್ಲ. ಅಷ್ಟರಲ್ಲಿ ಬೇಸಿಗೆ ರಜೆ ಬಂತು. ನನಗೆ ಆ ನೌಕರಿ ಬೇಕಿತ್ತು, ಅದರಲ್ಲಿ ಸುತ್ತುಬಳಸಿ ಹೇಳುವುದೇನಿಲ್ಲ. ತರಗತಿಯಲ್ಲಿ ನಿಂತು ಒಂದು ಪದ್ಯ ಓದಿ ತಲೆ ಎತ್ತಿದಾಗ ಹಿಂದಿನ ಬೆಂಚಿನ ಹುಡುಗಿ ಕಣ್ಣು ಪಿಳುಕಿಸದೆ ಕೂತಿರುತ್ತಾಳಲ್ಲ, ಆ ಸುಖ ನನಗೆ ಬೇರೆ ಎಲ್ಲೂ ಸಿಕ್ಕಿಲ್ಲ. ಆದರೆ ನೌಕರಿಗೂ ಮಕ್ಕಳಿಗೂ ತಕ್ಕಡಿ ಹಿಡಿದರೆ ತಾಯಿಯಾದವಳು ಏನು ಮಾಡಬೇಕು?

ಪತ್ರದ ಸಂಗತಿ ಗಂಡನಿಗೆ ಮಾತ್ರ ಹೇಳಿದೆ. ಅವರು ಗಲ್ಲ ತುರಿಸಿಕೊಂಡು ಹೇಳಿದರು: "ಒಂದು ಹಳೇ ಕಾರ ತಗೋಳೂಣು. ನೀ ನಡಿಸಾಕ ಕಲತಿ ಅಲ್ಲ. ಖರೆ ಒಂದ ಮಾತು. ನೀ ರಸ್ತಾ ನೋಡತಿಯೋ ಅವನ್ನ ನೋಡತಿಯೋ? ಆ ಎರಡೂ ಹಿಂದ ಅಲುಗಾಡದಂಗ ಕುಂದರಬೇಕು. ಹಂಗ ಇದ್ರ ಹೋಗು, ಇಲ್ಲಾಂದ್ರ ಬ್ಯಾಡ." ನನಗೂ ಅದೇ ಭಯವಿತ್ತು. ಹಿಂದಿನ ವರ್ಷ ಯಾರದೋ ಕಾರಿನಲ್ಲಿ ಮದುವೆಗೆ ಹೋಗುವಾಗ ದಾರಿಗೆ ಎಮ್ಮೆ ಅಡ್ಡ ಬಂದು, ಬ್ರೇಕು ಬಿದ್ದ ಏಟಿಗೆ ದೊಡ್ಡಾಕಿ ನನ್ನ ತೊಡೆಯಿಂದ ಹಾರಿ ಮುಂದಿನ ಸೀಟಿಗೆ ಬಡಿದು ತುಟಿ ಹರಿದುಕೊಂಡಿದ್ದಳು.

ಪುಣೆಯಲ್ಲಿದ್ದ ನಾದಿನಿಗೆ ಇದನ್ನೆಲ್ಲ ಫೋನಿನಲ್ಲಿ ಹೇಳಿಕೊಂಡೆ. ಅವಳು ಹದಿನೈದು ದಿನದಲ್ಲಿ ಎರಡು ದೊಡ್ಡ ಗಂಟು ಕಳಿಸಿದಳು. ಒಳಗೆ ಮಕ್ಕಳನ್ನು ಕಾರಿನಲ್ಲಿ ಕೂರಿಸುವ ಎರಡು ಸೀಟು! ಅವಳ ಮಕ್ಕಳಿಗೆ ಸಣ್ಣದಾಗಿದ್ದವು. ಕಾರಿನ ಸೀಟಿನ ಮೇಲೆ ಇದನ್ನಿಟ್ಟು, ಕಾರಿನ ಬೆಲ್ಟನ್ನೇ ಇದರ ಬೆನ್ನಿನಲ್ಲಿ ಹಾಯಿಸಿ ಬಿಗಿಯಬೇಕು. ಕೂಸನ್ನು ಇದರದೇ ಸಣ್ಣ ಪಟ್ಟಿಗಳಿಂದ ಕಟ್ಟಬೇಕು. ಓಣಿಯ ಹೆಂಗಸರೆಲ್ಲ ಬಂದು ನೋಡಿದರು. "ಅಯ್ಯ, ರಾಜನ ಗಾದಿ ಆತಲ್ಲವಾ!" ಎಂದು ಒಬ್ಬಾಕೆ ಲಟಿಕೆ ಮುರಿದು ದೃಷ್ಟಿ ತೆಗೆದಳು.

ಹೀಗೆ ನಮ್ಮ ಮನೆಯಲ್ಲಿ ಗಾದಿ ಮೊದಲು ಬಂತು, ಕಾರು ಇನ್ನೂ ಬರಬೇಕಿತ್ತು.

ಹುಡುಕುವ ಮುಂದಾಳತ್ವ ಮಾವನದು. ಇದಕ್ಕೆ ಕಾರಣವಿದೆ. ನಲವತ್ತು ವರ್ಷ ಮೂಡಲಗಿಯ ದನದ ಪೇಟೆಯಲ್ಲಿ ಎತ್ತು ಆರಿಸುವುದರಲ್ಲಿ ಅವರ ಮಾತೇ ಮಾತು. ಬೇರೆ ಊರಿನವರೂ ಬಂದು, "ಕಾಕಾ, ಒಂದೀಟು ಬಂದು ಸುಳಿ ನೋಡ್ರಿ," ಎಂದು ಕರೆದೊಯ್ಯುತ್ತಿದ್ದರು. ಹಲ್ಲು, ಗೊರಸು, ನಡಿಗೆ, ಬೆನ್ನ ಮೇಲಿನ ಸುಳಿ ಎಲ್ಲ ನೋಡಿ, ಟವೆಲ್ಲಿನ ಮರೆಯಲ್ಲಿ ಬೆರಳು ಹಿಡಿದು ದರ ಕುದುರಿಸಿಕೊಡುತ್ತಿದ್ದರು. ಮನೆಗೆ ಟ್ರ್ಯಾಕ್ಟರ್ ಬಂದ ಮೇಲೆ, ಅದೇ ವರ್ಷ, ತಮ್ಮ ಕೊನೆಯ ಜೋಡಿಯನ್ನೂ ಮಾರಿ ಬಂದಿದ್ದರು. ಆಮೇಲೆ ಅವರನ್ನು ಕರೆಯುವವರು ಕಡಿಮೆಯಾದರು. ಕಾರು ನೋಡಬೇಕು ಎಂದಾಗ ಅವರ ಮುಖ ನೋಡಬೇಕಿತ್ತು! ಅಂದೇ ತಲೆಗೆ ಸುತ್ತುವ ರುಮಾಲು ಒಗೆಯಲು ಹಾಕಿದರು.

ನಾನು ಒಂದು ಸೀಟನ್ನು ಕಂಕುಳಲ್ಲಿ ಹಿಡಿದು, ಮಾವ ಟವೆಲ್ಲು ಹೆಗಲಿಗೆ ಹಾಕಿಕೊಂಡು, ಮೊದಲು ಗೋಕಾಕದಲ್ಲಿ ಒಂದು ಜೀಪು ನೋಡಿದೆವು. "ಹನ್ನೆರಡು ಮಂದಿ ಆರಾಮ, ಒತ್ತಿದ್ರ ಹದಿನಾರು," ಎಂದ ಅದರ ಮಾಲೀಕ. ಹಿಂದೆ ಎದುರುಬದುರು ಎರಡು ಬೆಂಚು. ನನ್ನ ಸೀಟು ಇಡಲು ಹೋದರೆ ಪಕ್ಕಕ್ಕೆ ಮುಖ ಮಾಡಿ ಬಿದ್ದೇ ಹೋಯಿತು. ಹುಕ್ಕೇರಿಯಲ್ಲಿ ಒಂದು ವ್ಯಾನು ನೋಡಿದೆವು. ಜಾಗವೇನೋ ಬೇಕಾದಷ್ಟಿತ್ತು, ಹಿಂದೆ ಬೆಲ್ಟಿನ ಸುದ್ದಿಯೇ ಇಲ್ಲ. ದಲಾಲಿ ಬಲು ಜಾಣ: "ಅದಕ್ಕೇನ್ರಿ ಅಕ್ಕಾರ, ಒಂದು ಲುಂಗಿ ಹಾಕಿ ಕಟ್ಟಿಬಿಡ್ರಿ!" ಕೊಣ್ಣೂರಿನಲ್ಲೇ ಒಂದು ಪುಟ್ಟ ಕಾರಿತ್ತು. ಅದರಲ್ಲಿ ಸೀಟು ಕೂತಿತು, ಬೆಲ್ಟೂ ಇತ್ತು. ಆದರೆ ಹಿಂದೆ ಮಕ್ಕಳ ಕಾಲಿಗೆ ಜಾಗ ಮಾಡಲು ನನ್ನ ಸೀಟನ್ನು ಮುಂದೆ ಎಳೆದರೆ ಸ್ಟೇರಿಂಗು ಹೊಟ್ಟೆಗೆ ತಾಗಿತು. ಮಾವ ಪ್ರತಿಯೊಂದರ ಸುತ್ತಲೂ ಎರಡು ಸಲ ನಡೆದು, ಬಾನೆಟ್ಟು ತಟ್ಟಿ, "ಉಸಿರು ಸರಿ ಇಲ್ಲ," ಎಂದೋ "ಹಿಂದಗಾಲು ಎಳಿತೈತಿ," ಎಂದೋ ತೀರ್ಪು ಕೊಡುತ್ತಿದ್ದರು. ನಗು ಬರುತ್ತಿತ್ತು, ಆದರೆ ಅವರು ಹೇಳಿದ್ದು ಮೆಕ್ಯಾನಿಕ್ಕು ಹೇಳಿದ್ದಕ್ಕೆ ತಾಳೆಯಾಗುತ್ತಿತ್ತು.

ಶಾಲೆ ಶುರುವಾಗಲು ಹತ್ತೇ ದಿನ ಉಳಿದಾಗ ಮಸಗುಪ್ಪಿಯ ಕಾರು ಸಿಕ್ಕಿತು. ಮಾವನ ವಯಸ್ಸಿನ ಒಬ್ಬ ರೈತರದು. ಮಗನಿಗೆಂದು ತಂದದ್ದು, ಮಗ ದೂರದ ಊರಿಗೆ ವರ್ಗವಾಗಿ ಹೋದ ಮೇಲೆ ಬೇವಿನ ಮರದ ಕೆಳಗೆ ನಿಂತಿತ್ತು. ಬಿಳಿ ಬಣ್ಣ, ನಾಲ್ಕು ಬಾಗಿಲು, ಹಿಂದೆ ಡಿಕ್ಕಿ, ಒಳಗೆ ಅಗಲವಾದ ಸೀಟು. ಹಿಂದಿನ ಬೆಲ್ಟುಗಳು ಸೀಟಿನ ಸಂದಿಯಲ್ಲಿ ಹೂತುಹೋಗಿದ್ದವು. ಆ ಮನೆಯಲ್ಲಿ ಅವು ಇರುವುದೇ ಯಾರಿಗೂ ಗೊತ್ತಿರಲಿಲ್ಲ. ನಾನು ಕೈ ತುರುಕಿ ಹೊರಗೆಳೆದೆ. ಮಕ್ಕಳ ಸೀಟು ಇಟ್ಟು, ಬೆಲ್ಟು ಹಾಯಿಸಿ, ಮೊಣಕಾಲೂರಿ ಬಿಗಿದೆ. ಸೀಟು ಕಲ್ಲಿನ ಹಾಗೆ ಕೂತಿತು! ನನಗೆ ಕುಣಿಯುವಷ್ಟು ಖುಷಿ. ಮನೆಯವರೆಲ್ಲ ಸುತ್ತ ನಿಂತಿದ್ದರು. ಅವರಿಗೆ ತೋರಿಸಲೆಂದು ಎರಡೂ ಕೈಯಲ್ಲಿ ಸೀಟು ಹಿಡಿದು ಜಗ್ಗಿ, ಮಾಸ್ತರಕಿಯ ಹುಮ್ಮಸ್ಸಿನಲ್ಲಿ ಹೇಳಿದೆ: "ನೋಡ್ರಿ, ಈ ಪಟ್ಟಿ ಹಾಕಿ ಕಟ್ಟಿದ್ರ ಎತ್ತು ಜಗ್ಗಿದ್ರೂ ಬಿಚ್ಚೂದಿಲ್ಲ."

ಇಬ್ಬರು ಮುದುಕರೂ ಒಬ್ಬರ ಮುಖ ಒಬ್ಬರು ನೋಡಿ ತಲೆಯಾಡಿಸಿದರು. ಆಗ ನನಗೆ ಅದರ ಅರ್ಥ ಹೊಳೆಯಲಿಲ್ಲ. ಟವೆಲ್ಲಿನ ಮರೆಯಲ್ಲಿ ಬೆರಳಾಡಿದವು, ಇಬ್ಬರೂ ನಕ್ಕರು, ವ್ಯಾಪಾರ ಮುಗಿಯಿತು.

ಕಾರು ತರುವ ದಿನ ನನಗೆ ಹೋಗಲಾಗಲಿಲ್ಲ. ಶುಕ್ರವಾರ ಮಾವನೇ ಓಣಿಯ ಡ್ರೈವರೊಬ್ಬನನ್ನು ಕರೆದುಕೊಂಡು ಹೋಗಿ ತಂದರು. ಆರತಿಯಾಯಿತು, ಕಾಯಿ ಒಡೆದಾಯಿತು. ಶನಿವಾರ ಬೆಳಿಗ್ಗೆ ಎರಡೂ ಸೀಟು ಹೊತ್ತುಕೊಂಡು ಹೋಗಿ ಹಿಂದಿನ ಬಾಗಿಲು ತೆಗೆದರೆ, ಬೆಲ್ಟು ಇಲ್ಲ. ಸಂದಿಯಲ್ಲಿ ಮೊಣಕೈವರೆಗೆ ಕೈ ಹಾಕಿದೆ. ಬೋಲ್ಟಿನ ತೂತುಗಳು ಮಾತ್ರ ಸಿಕ್ಕವು.

"ಮಾಮಾರ, ಹಿಂದಿನ ಪಟ್ಟಿ ಎಲ್ಲ್ಯದಾವ?"

"ಯಾವ ಪಟ್ಟಿ?"

"ಸೀಟ ಕಟ್ಟೂವು!"

"ಓ, ಹಗ್ಗ? ಅವನ್ನ ಅವ್ರು ಬಿಚ್ಚಿ ಇಟಗೊಂಡ್ರು," ಎಂದರು ಮಾವ, ಚಹಾ ಕುಡಿಯುತ್ತ, ಅತ್ಯಂತ ಸಮಾಧಾನದಿಂದ. "ಮಾರಿದವರ ಹಗ್ಗ ನಾವ್ಯಾಕ ತರೂದು?"

ನಮ್ಮ ಭಾಗದ ರೀತಿ ಇದು: ಎತ್ತು ಮಾರಿದವರು ಎತ್ತು ಕೊಡುತ್ತಾರೆ, ಅದನ್ನು ಕಟ್ಟಿದ ಹಗ್ಗ ಕೊಡುವುದಿಲ್ಲ. ಹಗ್ಗ ಹೋದರೆ ಕೊಟ್ಟಿಗೆಯ ಪುಣ್ಯವೂ ಅದರ ಜೊತೆ ಹೋಗುತ್ತದೆ ಎಂದು ಅದನ್ನು ಬಿಚ್ಚಿಕೊಂಡು ಗೂಟಕ್ಕೆ ನೇತುಹಾಕುತ್ತಾರೆ. ಕೊಂಡವರು ತಮ್ಮ ಹೊಸ ಹಗ್ಗ ತರಬೇಕು. ಮಾರಿದವರ ಹಗ್ಗ ಬೇಡುವುದೆಂದರೆ ಅವರ ಮನೆಯ ಪುಣ್ಯ ಬೇಡಿದ ಹಾಗೆ, ಮಾನವಂತರು ಬಾಯಿ ಬಿಡುವುದಿಲ್ಲ. ಇದೆಲ್ಲ ನನಗೆ ಗೊತ್ತಿದ್ದದ್ದೇ. ಆದರೆ ಕಾರಿಗೆ? ಮಸಗುಪ್ಪಿಯ ಹಿರಿಯರು ಟ್ರ್ಯಾಕ್ಟರ್ ಮಿಸ್ತ್ರಿಯನ್ನು ಕರೆಸಿ ಬೋಲ್ಟು ಬಿಚ್ಚಿಸಿದ್ದರಂತೆ. ನಮ್ಮವರು ಪಕ್ಕದಲ್ಲಿ ನಿಂತು, "ಬರೋಬರಿ," ಎಂದು ತಲೆದೂಗಿದ್ದರಂತೆ.

"ಅದು ಹಗ್ಗ ಅಲ್ರಿ ಮಾಮಾರ!"

"ನೀನ ಅಂದೆಲ್ಲವಾ, ಎತ್ತು ಜಗ್ಗಿದ್ರೂ ಬಿಚ್ಚೂದಿಲ್ಲ ಅಂತ?"

"ಹಂಗಾರ ಮುಂದಿನವು ಯಾಕ ಬಿಟ್ರು?"

"ಮುಂದಿನ ಹಗ್ಗದಿಂದ ನೀ ಏನೂ ಕಟ್ಟಿ ತೋರಿಸಲಿಲ್ಲಲ್ಲ."

ಅಷ್ಟೇ ಅಲ್ಲ. ಡಿಕ್ಕಿ ತೆಗೆದು ತೋರಿಸಿದರು. ಒಳಗೆ ಗೋಕಾಕದ ಪೇಟೆಯಿಂದ ತಂದ ಹೊಚ್ಚಹೊಸ ಹಗ್ಗದ ಎರಡು ಸುರುಳಿ! "ಇದರ ಮುಂದ ಆ ಪಟ್ಟಿ ಏನವಾ? ನಾ ಕಟ್ಟತೇನಿ, ಜಗ್ಗಿ ನೋಡು."

ನನ್ನ ಪಿತ್ತ ನೆತ್ತಿಗೇರಿತು. ಮಾವನೆದುರು ಎಂದೂ ದನಿ ಎತ್ತಿದವಳಲ್ಲ, ಅಂದು ಎತ್ತಿದೆ. "ನನ್ನ ಮಕ್ಕಳೇನ ಕಬ್ಬಿನ ಹೊರೆ ಏನ್ರಿ, ಹಗ್ಗಾ ಹಾಕಿ ಬಿಗಿಯಾಕ?" ಎಂದು ಕೂಗಿದೆ. ಗಂಡ ಗೋಕಾಕದ ಗ್ಯಾರೇಜಿಗೆ ಫೋನು ಮಾಡಿ ಕೇಳಿದರು. ಬೆಲ್ಟು ಬೆಳಗಾವಿಯಿಂದ ಬರಬೇಕು, ಕಡಿಮೆಯೆಂದರೆ ಹದಿನೈದು ದಿನ. ಶಾಲೆ ಸೋಮವಾರ. ವರ್ಗವಾಗಿ ಬಂದವಳು ವರ್ಷದ ಮೊದಲ ದಿನವೇ ಹದಿನೈದು ದಿನ ರಜೆ ಕೇಳಿದರೆ ಯಾವ ಹೆಡ್‌ಮಾಸ್ತರರು ಕೊಟ್ಟಾರು? ನಾನು ಒಳಗೆ ಹೋಗಿ ಟ್ರಂಕು ತೆಗೆದು ಪತ್ರ ತಂದು ಮಾವನ ಮುಂದೆ ಹಿಡಿದೆ.

"ಇದ ಏನ ಐತಿ ಗೊತ್ತೇನ್ರಿ? ರಾಜೀನಾಮಿ. ಇನ್ನ ಇದನ್ನ ಕೊಡೂದೊಂದ ಉಳದೈತಿ."

ಮಾವ ಪತ್ರ ಮುಟ್ಟಲಿಲ್ಲ. ಚಹಾದ ಬಟ್ಟಲು ಕೆಳಗಿಟ್ಟರು. ನಾನು ಓದಿದವಳೆಂದು, ಸೊಸೆ ಹೈಸ್ಕೂಲಿನಲ್ಲಿ ಕಲಿಸುವವಳೆಂದು ಪೇಟೆಯಲ್ಲೆಲ್ಲ ಹೇಳಿಕೊಂಡು ತಿರುಗಿದವರು ಅವರು. ಎದ್ದು ಕೊಟ್ಟಿಗೆಗೆ ಹೋದರು. ಅಲ್ಲಿ ಅವರ ಕೊನೆಯ ಜೋಡಿಯ ಹಗ್ಗಗಳು ಗೂಟಕ್ಕೆ ನೇತಾಡುತ್ತಿದ್ದವು. ಬಹಳ ಹೊತ್ತು ಒಳಗೇ ಇದ್ದರು. ಬೈದದ್ದು ಹೆಚ್ಚಾಯಿತೆಂದು ನನಗೆ ಆಗಲೇ ಅನ್ನಿಸಿತ್ತು, ಆದರೆ ಸಿಟ್ಟು ಇಳಿದಿರಲಿಲ್ಲ. ಹೊರಗೆ ಬಂದು, "ನಾಳಿಗಿ ಮಸಗುಪ್ಪಿಗಿ ಹೋಗೂಣು," ಎಂದರು. ಅಷ್ಟೇ.

ಭಾನುವಾರ ಮಕ್ಕಳನ್ನು ಗಂಡನ ಬಳಿ ಬಿಟ್ಟು, ಅವರ ಸೀಟುಗಳನ್ನು ಡಿಕ್ಕಿಯಲ್ಲಿ ಹಾಕಿಕೊಂಡು, ನಾನೇ ಕಾರು ನಡೆಸಿಕೊಂಡು ಹೋದೆ. ಪಕ್ಕದಲ್ಲಿ ಕೂತ ಮಾವ ತಿರುವು ಬಂದಾಗಲೆಲ್ಲ ನಾಲಿಗೆಯಿಂದ "ಚ್ಚ್ ಚ್ಚ್" ಎಂದು ಸದ್ದು ಮಾಡುತ್ತಿದ್ದರು, ಎತ್ತಿಗೆ ಮಾಡುವ ಹಾಗೆ.

ಮಸಗುಪ್ಪಿಯ ಹಿರಿಯರು, "ಬರ್ರಿ ಬರ್ರಿ, ಗಾಡಿ ಹೆಂಗ ಐತ್ರಿ?" ಎಂದು ಜಮಖಾನೆ ಹಾಸಿದರು. ಚಹಾ ಬಂತು. ಮಳೆಯ ಮಾತಾಯಿತು, ಕಬ್ಬಿನ ಮಾತಾಯಿತು, ಮಗನ ಮಾತಾಯಿತು. ಮಾವ ಕೇಳುವ ಲಕ್ಷಣವೇ ಇಲ್ಲ. ಎರಡನೆಯ ಚಹಾವೂ ಮುಗಿಯಿತು. ನಾನೇ ಕೇಳೋಣವೆಂದು ಬಾಯಿ ತೆರೆದೆ. ಆಗ ಅವರು ರುಮಾಲು ತೆಗೆದು ಮೊಣಕಾಲ ಮೇಲಿಟ್ಟುಕೊಂಡರು.

"ಅಣ್ಣಾರ, ನಲವತ್ತು ವರ್ಷ ಪ್ಯಾಟಿ ಮಾಡೇನಿ. ಮಾರಿದವರ ಬಾಗಲಕ್ಕ ತಿರಗಿ ಹೋದಾಂವಲ್ಲ. ಇವತ್ತ ಬಂದೇನಿ. ಆ ಎರಡು ಹಗ್ಗ ನನಗ ಬೇಕಾಗ್ಯಾವ. ನಮ್ಮ ಸೊಸಿ ನೌಕರಿ ಅದರ ಮ್ಯಾಲ ನಿಂತೈತಿ."

ಬೋಳು ತಲೆಯಲ್ಲಿ ಮಾವ ಬೇರೆಯವರ ಮನೆಯಲ್ಲಿ ಕೂತದ್ದನ್ನು ನಾನು ಅಂದೇ ಮೊದಲು ನೋಡಿದ್ದು. ನೆಲ ಬಾಯಿ ಬಿಡಬಾರದೇ ಎನಿಸಿತು ನನಗೆ. ಹಿಂದಿನ ದಿನ ಕೂಗಿದ ಒಂದೊಂದು ಮಾತೂ ನೆನಪಾಯಿತು.

ಹಿರಿಯರು ಕೊಟ್ಟಿಗೆಯ ಕಡೆ ನೋಡಿದರು. ಅಲ್ಲಿ ಗಬ್ಬದ ಎಮ್ಮೆ ನಿಂತಿತ್ತು. ಅದರ ಹಿಂದಿನ ಗೂಟದಲ್ಲಿ, ದನದ ಹಗ್ಗಗಳ ನಡುವೆ, ನನ್ನ ಎರಡು ಕಪ್ಪು ಬೆಲ್ಟುಗಳು ಜೋತುಬಿದ್ದಿದ್ದವು. "ಬ್ಯಾರೆ ಏನರ ಕೇಳ್ರಿ, ಕೊಡತೇನಿ," ಎಂದರು ಅವರು, ಕುಗ್ಗಿದ ದನಿಯಲ್ಲಿ. "ಎಮ್ಮಿ ಇವತ್ತೋ ನಾಳೆಯೋ ಈಯತೈತಿ. ಇಂಥಾದ್ರಾಗ ಹಗ್ಗ ಹೊರಗ ಕೊಡೂದು ಅಂದ್ರ..." ಮಾವ, "ಖರೆ, ಖರೆ," ಎಂದು ತಲೆ ತಗ್ಗಿಸಿದರು. ಆ ರೀತಿಯನ್ನು ಅವರಷ್ಟು ಬಲ್ಲವರು ಯಾರು?

ಒಳಗಿನಿಂದ ಹಿರಿಯರ ಹೆಂಡತಿ ಬಂದರು. ಕೈಗೆ ಜೋಳದ ಹಿಟ್ಟು ಹತ್ತಿತ್ತು. ಎಲ್ಲ ಕೇಳಿಸಿಕೊಂಡಿದ್ದರೆಂದು ಕಾಣುತ್ತದೆ. ಗಂಡಸರತ್ತ ನೋಡದೆ ನನ್ನನ್ನೇ ಕೇಳಿದರು:

"ಯವ್ವಾ, ಕೂಸುಗೋಳು ಆ ಖುರ್ಚಿಯೊಳಗ ಬರೇ ಕುಂದರತಾವೋ, ಮಲಗತಾವೋ?"

"ಗಾಡಿ ಹೊಂಟ್ರ ಮಲಗತಾವ್ರಿ. ತೂಗಿದಂಗ ಆಗತೈತಲ್ರಿ."

ಆಕೆ ಗಂಡನತ್ತ ತಿರುಗಿದರು. "ಕೇಳಿದ್ರೇನ್ರಿ? ಮಲಗತಾವಂತ. ಅದು ದನದ ಹಗ್ಗ ಹೆಂಗಾತು? ತೊಟ್ಟಿಲದ ಹಗ್ಗ ಅದು. ತೊಟ್ಟಿಲದ ಹಗ್ಗ ತವರಮನಿಯವ್ರು ಕೊಡದ ಮತ್ಯಾರ ಕೊಡತಾರ? ತೊಟ್ಟಿಲಾ ಕೊಟ್ಟು ಹಗ್ಗಾ ಇಟಗೊಂಡು ಕುಂತೀರಲ್ಲ, ನಾಚಿಕಿ ಬರಬೇಕು ನಿಮಗ!"

ಹಿರಿಯರು ದೊಡ್ಡದಾಗಿ ಉಸಿರು ಬಿಟ್ಟು, "ಹೌದಲ್ಲ," ಎಂದರು. ಅವರ ಮುಖದಲ್ಲಿ ಕಂಡ ನಿರಾಳ ನಮ್ಮ ಮಾವನ ಮುಖದಲ್ಲಿದ್ದಷ್ಟೇ ಇತ್ತು.

ಆಕೆ ತಾನೇ ಹೋಗಿ ಬೆಲ್ಟುಗಳನ್ನು ಗೂಟದಿಂದ ತೆಗೆದು, ಸೆರಗಿನಿಂದ ಒರೆಸಿ, ಅವಕ್ಕೆ ಅರಿಷಿಣ ಕುಂಕುಮ ಹಚ್ಚಿದರು. ನನ್ನನ್ನು ಮಣೆಯ ಮೇಲೆ ಕೂರಿಸಿ ಅಕ್ಕಿ, ತೆಂಗಿನಕಾಯಿ, ಕುಬಸದ ಬಟ್ಟೆಯ ಜೊತೆ ಅವನ್ನೂ ಸೇರಿಸಿ, ತವರಿನವರು ಮಗಳ ಮಡಿಲಿಗೆ ತುಂಬುವ ಹಾಗೆ ಉಡಿ ತುಂಬಿದರು. ಜಗಳಾಡಲು ತಯಾರಾಗಿ ಬಂದವಳು ನಾನು. ಉಡಿಯಲ್ಲಿ ಬೆಲ್ಟು ಹಿಡಿದು ಗಳಗಳ ಅತ್ತುಬಿಟ್ಟೆ. "ಅಳಬ್ಯಾಡವಾ, ಸಾಲಿಗಿ ಹೋಗು," ಎಂದು ಆಕೆ ಹಿಟ್ಟಿನ ಕೈಯಿಂದಲೇ ನನ್ನ ಗಲ್ಲ ಸವರಿದರು.

ಅದೇ ಟ್ರ್ಯಾಕ್ಟರ್ ಮಿಸ್ತ್ರಿ ಬಂದು, ನಗು ತಡೆದುಕೊಳ್ಳುತ್ತ, ಬಿಚ್ಚಿದ ಬೋಲ್ಟುಗಳನ್ನು ಮತ್ತೆ ಬಿಗಿದ. ನಾನು ಎರಡೂ ಸೀಟು ಕಟ್ಟಿದೆ. ಮಾವ ಬಗ್ಗಿ, ಒಂದೊಂದನ್ನೂ ಎರಡು ಕೈಯಿಂದ ಜಗ್ಗಿ ನೋಡಿದರು. ಅವು ಅಲುಗಲಿಲ್ಲ. ಹೊರಡುವಷ್ಟರಲ್ಲಿ ಹೊತ್ತು ಇಳಿದಿತ್ತು. ನಾವು ಜೈನರು, ಹೊತ್ತು ಮುಳುಗಿದ ಮೇಲೆ ಉಣ್ಣುವವರಲ್ಲವೆಂದು ತಿಳಿದು ಆಕೆ ರೊಟ್ಟಿ, ಶೇಂಗಾ ಚಟ್ನಿ, ಹೆಸರುಕಾಳಿನ ಪಲ್ಯ ಕಟ್ಟಿಕೊಟ್ಟರು. ಕಾಲುವೆಯ ದಂಡೆಯಲ್ಲಿ ಕಾರು ನಿಲ್ಲಿಸಿ, ಸೂರ್ಯ ಇರುವಾಗಲೇ ಇಬ್ಬರೂ ಉಂಡೆವು.

"ನಿನ್ನೆ ಭಾಳ ಮಾತಾಡಿದೆ ಮಾಮಾರ, ತಪ್ಪಾತು," ಎಂದೆ.

"ನನ್ನ ಹಗ್ಗಕ್ಕ ಹೆಸರ ಇಟ್ಟಿ, ಅದೊಂದ ತಪ್ಪು," ಎಂದರು ಮಾವ, ರೊಟ್ಟಿ ಮುರಿಯುತ್ತ. "ಅದು ಚಲೋ ಹಗ್ಗೈತಿ."

ಸೋಮವಾರ ಬೆಳಿಗ್ಗೆ ಮಕ್ಕಳಿಬ್ಬರನ್ನೂ ಸೀಟಿನಲ್ಲಿ ಕೂರಿಸಿ ಪಟ್ಟಿ ಹಾಕಿ ತಿರುಗಿದರೆ, ಎರಡು ಸೀಟುಗಳ ನಡುವಿನ ಗೇಣು ಜಾಗದಲ್ಲಿ ಮಾವ ತೂರಿಕೊಂಡು ಕೂತಿದ್ದಾರೆ. ಮೊಣಕಾಲು ಎದೆಗೆ ತಾಗಿದೆ, ರುಮಾಲು ಕಾರಿನ ಛಾವಣಿಗೆ ತಾಗಿದೆ. "ಮೊದಲನೇ ದಿನ, ಜೋಡಿ ಹೆಂಗ ನಡಿತೈತಿ ನೋಡಬೇಕು," ಎಂದರು. ಎಷ್ಟು ಹೇಳಿದರೂ ಇಳಿಯಲಿಲ್ಲ. ಊರು ದಾಟುವಷ್ಟರಲ್ಲಿ ಸಣ್ಣಾಕಿ ನಿದ್ದೆ ಹೋದಳು, ಕಾಲು ನಿಂತವು. ಸ್ವಲ್ಪ ದೂರ ಹೋದ ಮೇಲೆ ದೊಡ್ಡಾಕಿಯ ಬಾಯಿಯೂ ನಿಂತಿತು. ಅಜ್ಜನನ್ನೂ ಮೊಮ್ಮಕ್ಕಳನ್ನೂ ಅವ್ವನ ಮನೆಯಲ್ಲಿ ಇಳಿಸಿ ನಾನು ಶಾಲೆಗೆ ಹೋದೆ. ಪ್ರಾರ್ಥನೆಯ ಗಂಟೆಗೆ ಮೊದಲೇ ಹಾಜರಿ ಪುಸ್ತಕದಲ್ಲಿ ಸಹಿ ಮಾಡಿದೆ. ಸಂಜೆ ಮನೆಗೆ ಬಂದು ರಾಜೀನಾಮೆ ಪತ್ರವನ್ನು ಒಲೆಗೆ ಹಾಕಿ ಅದರ ಮೇಲೆ ಚಹಾ ಕಾಯಿಸಿದೆ. ಮಸಗುಪ್ಪಿಯ ಎಮ್ಮೆ ಹೆಣ್ಣುಗರು ಹಾಕಿದ ಸುದ್ದಿ ಅದೇ ವಾರ ಬಂತು.

ಆ ಕಾರನ್ನು ಆರು ವರ್ಷ ನಡೆಸಿದೆ. ಮಕ್ಕಳು ಸೀಟು ಬಿಟ್ಟು ಬೆಳೆದರು, ನನಗೂ ಮತ್ತೆ ಕೊಣ್ಣೂರಿಗೆ ವರ್ಗವಾಯಿತು. ಮಾರಬೇಕೆಂದಾಗ ಮೇಲವಂಕಿಯಿಂದ ಗಂಡ ಹೆಂಡತಿಯ ಒಂದು ಜೋಡಿ ಬಂತು. ಹುಡುಗಿಯ ಕಂಕುಳಲ್ಲಿ ಆರು ತಿಂಗಳ ಕೂಸು. ಮಾವ ಕೋಲೂರಿಕೊಂಡು ಹೊರಗೆ ಬಂದು ಕಟ್ಟೆಯ ಮೇಲೆ ಕೂತರು. ಟವೆಲ್ಲಿನ ವ್ಯವಹಾರ ಮುಗಿಯಿತು. ನನ್ನ ಗಂಡ ರೀತಿಯಂತೆ ಕನ್ನಡಿಗೆ ಕಟ್ಟಿದ್ದ ಹಾರ, ಡಿಕ್ಕಿಯಲ್ಲಿದ್ದ ಹಗ್ಗದ ಸುರುಳಿ ತೆಗೆದಿಟ್ಟರು. ಆಮೇಲೆ ತಮಾಷೆಗೆ, "ಅಪ್ಪಾ, ಹಿಂದಿನ ಹಗ್ಗಾನೂ ಬಿಚ್ಚಲೇನು?" ಎಂದು ಕೇಳಿದರು.

ಮಾವ ನಗಲಿಲ್ಲ. ಕೂಸಿನ ಕಡೆ ಕೋಲು ತೋರಿಸಿದರು.

"ಅದಕ್ಕ ಕೈ ಹಚ್ಚಬ್ಯಾಡ," ಎಂದರು. ಆಮೇಲೆ ನನ್ನತ್ತ ತಿರುಗಿ ಹೇಳಿದರು: "ಯವ್ವಾ, ಆ ಎರಡು ಗಾದಿನೂ ತಂದು ಕೊಡು. ಒಳಗ ಕರಕೊಂಡು ಹೋಗಿ ಹುಡುಗಿಗಿ ಉಡಿ ತುಂಬು."